ಯಂತ್ರಕ್ಕೆ ಸೇಲಂ, ಧರ್ಮಪುರಿಯ ಕನ್ನಡವೂ ಕೇಳಿಸಲಿ

ಸೇಲಂನ ಹಲವು ದೇವಾಂಗ ನೇಕಾರರ ಮನೆಮಾತು ಕನ್ನಡ. ಶಾಲೆ, ಅಂಗಡಿ, ಸರ್ಕಾರಿ ಅರ್ಜಿ ಎಲ್ಲವೂ ತಮಿಳು. ಧರ್ಮಪುರಿ ಸೀಮೆಯಲ್ಲಿ ನೊಳಂಬ ಅರಸರು 9ನೇ ಶತಮಾನದಲ್ಲೇ ಕನ್ನಡ ಶಾಸನ ಹಾಕಿಸಿದ್ದರೂ ಇಲ್ಲಿನ ಇಂದಿನ ಕನ್ನಡ ಬಹುಪಾಲು ಬಾಯಲ್ಲೇ ಉಳಿದಿದೆ. ಬರಹ ಓದಿಯೇ ಬೆಳೆದ ಕೃತಕ ಬುದ್ಧಿಮತ್ತೆಗೆ ಈ ಮಾತು ಸಿಗುವುದಾದರೂ ಎಲ್ಲಿಂದ?

2022ರಲ್ಲಿ ಓಪನ್‌ಎಐ ಸಂಸ್ಥೆ ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ತಂದಿತು. ಅದಕ್ಕೆ ಕೇಳಿಸಿದ ಧ್ವನಿ 6,80,000 ಗಂಟೆ. ಅದರಲ್ಲಿ ಬರಹದೊಂದಿಗೆ ಸಿಕ್ಕ ತಮಿಳು 136 ಗಂಟೆ. ಕನ್ನಡ 4 ಗಂಟೆಗೂ ಕಡಿಮೆ.

ಯಂತ್ರವನ್ನು ಇನ್ನಷ್ಟು ದೊಡ್ಡದು ಮಾಡುವುದೊಂದೇ ಸಂಶೋಧನೆಯ ದಾರಿಯಲ್ಲ. ಕಡಿಮೆ ಬರಹದಿಂದ ಕಲಿಯುವ ದಾರಿಯೂ ತೆರೆದಿದೆ. 2020ರಲ್ಲಿ ಫೇಸ್‌ಬುಕ್ ಸಂಶೋಧಕರು 53,000 ಗಂಟೆಗಳ ಬರಿಯ ಧ್ವನಿ ಕೇಳಿಸಿ, ಆಮೇಲೆ ಕೇವಲ 10 ನಿಮಿಷದ ಬರಹಸಹಿತ ಇಂಗ್ಲಿಷ್ ಕೊಟ್ಟು, ಯಂತ್ರ ಮಾತು ಗುರುತಿಸುವಂತೆ ಮಾಡಿದರು. ಮದ್ರಾಸ್ ಐಐಟಿಯ ಎಐ4ಭಾರತ್ ಇದೇ ವಿಧಾನವನ್ನು ಭಾರತೀಯ ಭಾಷೆಗಳಿಗೆ ತಂದಿದೆ. ಬರಹವಿಲ್ಲದ ಮನೆಮಾತಿಗೆ ಬೇಕಾದದ್ದು ಈ ದಾರಿಯೇ.

ಇನ್ನೊಂದು ತೊಡಕು ಬೆರಕೆ ಮಾತಿನದು. ಹಾಸು, ಹೊಕ್ಕು, ಲಾಳಿ ಎನ್ನುತ್ತ ಮಗ್ಗದ ಕೆಲಸ ವಿವರಿಸುವವರು ಕೂಲಿಯ ಲೆಕ್ಕಕ್ಕೆ ಬಂದೊಡನೆ ಅದೇ ವಾಕ್ಯದಲ್ಲಿ ತಮಿಳಿಗೆ ಹೊರಳಬಹುದು. ಎರಡು ಭಾಷೆ ಬಲ್ಲವರಿಗೆ ಇದು ಸಹಜ. ಒಂದು ಹೊತ್ತಿಗೆ ಒಂದೇ ಭಾಷೆ ಎಂದು ನಂಬಿದ ಯಂತ್ರ ಮಾತ್ರ ಇಲ್ಲಿ ಎಡವುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಮಾತನ್ನು ಜಿಲ್ಲೆವಾರು ಸಂಗ್ರಹಿಸುತ್ತದೆ. ಈ ಕ್ರಮ ಸರಿಯಾದುದು. ಆದರೆ ಜಿಲ್ಲೆ ತಮಿಳುನಾಡಿನದು ಎಂದ ಮಾತ್ರಕ್ಕೆ ಯಾರೇ ಆಗಲಿ ತಮಿಳನ್ನಷ್ಟೇ ಸಂಗ್ರಹಿಸಿದರೆ ಮನೆಯೊಳಗಿನ ಕನ್ನಡ ಹೊರಗುಳಿಯುತ್ತದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ತಮಿಳುನಾಡಿನಲ್ಲೇ 12 ಲಕ್ಷಕ್ಕೂ ಹೆಚ್ಚು.

ಆದ್ದರಿಂದ ಈ ಬೇಡಿಕೆಗಳು:

1. ಧ್ವನಿ ಸಂಗ್ರಹಿಸುವವರು ಮೊದಲು ಮನೆಮಾತು ಯಾವುದೆಂದು ಕೇಳಲಿ.

2. ಒಪ್ಪಿಗೆಯಿಲ್ಲದೆ ಯಾರ ಧ್ವನಿಯನ್ನೂ ಬಳಸದಿರಲಿ. ಮಾತು ಕೊಟ್ಟವರಿಗೆ ನ್ಯಾಯವಾದ ಹಣ ಸಿಗಲಿ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಓದಿಸಿ, ಹಣ ಕೊಟ್ಟು ತೋರಿಸಿದೆ.

3. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳ ಕಾಲೇಜುಗಳನ್ನು ನೋಡಿಕೊಳ್ಳುವ ಪೆರಿಯಾರ್ ವಿಶ್ವವಿದ್ಯಾಲಯ ಕನ್ನಡ ಬಲ್ಲ ವಿದ್ಯಾರ್ಥಿಗಳನ್ನು ಧ್ವನಿ ಸಂಗ್ರಹದ ಕೆಲಸದಲ್ಲಿ ತೊಡಗಿಸಲಿ.

ಮನೆಯ ಹಿರಿಯರು ಇರುವಾಗಲೇ ಇದು ಆಗಬೇಕು. ಧ್ವನಿ ಕೇಳಿಕೊಂಡು ಬಂದವರಿಗೆ ಒಪ್ಪಿಗೆಯ ಷರತ್ತು ಓದಿಕೊಂಡ ಮೇಲೆಯೇ ಧ್ವನಿ ಕೊಡಿ. ಕೊಡುವಾಗ ಮನೆಮಾತು ಕನ್ನಡವೆಂದು ತಪ್ಪದೆ ಬರೆಸಿ.