ಸೋರುವ ಕಾರ್ಬೊರೇಟರ್‌ಗೆ ಆತುರದ ಮದ್ದು ಬೇಡ

ಕೊಲ್ಲಿ ನಾಡಿನಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದು ಹಳೆಯ ಬೈಕ್ ಇದೆ. ಕೆಲವರದು ಅಪ್ಪನ ಕಾಲದ ಯೆಜ್ದಿ, ಕೆಲವರದು ಆರ್‌ಎಕ್ಸ್ 100, ಇನ್ನು ಕೆಲವರದು ವಿದೇಶಕ್ಕೆ ಬರುವ ಮುಂಚೆ ಕೊಂಡ ಸ್ಪ್ಲೆಂಡರ್. ರಜೆಯಲ್ಲಿ ಊರಿಗೆ ಹೋದ ಮರುದಿನ ಕೊಟ್ಟಿಗೆಯಲ್ಲಿದ್ದ ಬೈಕಿನ ಹೊದಿಕೆ ತೆಗೆದು ಪೆಟ್ರೋಲ್ ಟ್ಯಾಪ್ ತಿರುಗಿಸಿದರೆ, ಎರಡು ನಿಮಿಷದಲ್ಲಿ ಕಾರ್ಬೊರೇಟರ್ ಕೆಳಗಿನ ನೆಲ ಒದ್ದೆ. ಆಮೇಲೆ ನಡೆಯುವುದೂ ಎಲ್ಲರಿಗೂ ಗೊತ್ತಿರುವುದೇ. "ಸಂಜೆಯೊಳಗೆ ಬೇಕು ಮಾರಾಯ್ರೇ, ಹೊಸ ಕಾರ್ಬೊರೇಟರನ್ನೇ ಹಾಕಿಬಿಡಿ" ಎಂದು ಮೆಕ್ಯಾನಿಕ್‌ಗೆ ಹೇಳುವವರೇ ಹೆಚ್ಚು.

ಈ ಆತುರ ಬೇಡ ಎಂಬುದು ನಮ್ಮ ಅಭಿಪ್ರಾಯ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮಗೆ ಇದು ದಿನನಿತ್ಯದ ಪಾಠ: ಜ್ವರ ಎಂದು ಬಂದವರಿಗೆಲ್ಲ ಒಂದೇ ಆಂಟಿಬಯೋಟಿಕ್ ಕೊಡುವಂತಿಲ್ಲ. ಸೋರುವುದು ಕೂಡ ಜ್ವರದ ಹಾಗೆ, ಒಂದು ಲಕ್ಷಣ ಮಾತ್ರ. ಕಾರಣ ಯಾವುದು ಎಂದು ಮೊದಲು ನೋಡಬೇಕು. ಹೆಚ್ಚಿನ ಸಲ ಆ ಕಾರಣ ಬಹಳ ಸಣ್ಣದು.

ಕಾರ್ಬೊರೇಟರ್ ಒಳಗೆ ಏನಾಗುತ್ತದೆ ಎಂಬುದು ಕಷ್ಟದ ವಿಷಯವೇನಲ್ಲ. ಮನೆಯ ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ ಒಂದು ಬಾಲ್ ಇರುತ್ತದಲ್ಲ? ನೀರು ತುಂಬಿದಂತೆ ಅದು ಮೇಲೇರಿ ನೀರು ಬರುವ ದಾರಿಯನ್ನು ಮುಚ್ಚುತ್ತದೆ. ಕಾರ್ಬೊರೇಟರ್ ಕೆಳಭಾಗದ ಬೌಲ್‌ನಲ್ಲಿ ಅದೇ ಕೆಲಸವನ್ನು ಫ್ಲೋಟ್ ಮಾಡುತ್ತದೆ. ಪೆಟ್ರೋಲ್ ಸಾಕಷ್ಟು ತುಂಬಿದಾಗ ಫ್ಲೋಟ್ ಮೇಲೆದ್ದು ಒಂದು ಸಣ್ಣ ಪಿನ್ನನ್ನು ಅದರ ಸೀಟಿಗೆ ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ನಿಲ್ಲದಿದ್ದರೆ ಉಕ್ಕಿ ಹೊರಗೆ ಹರಿಯುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ, ಪೆಟ್ರೋಲ್ ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂಬುದು. ಕಾರ್ಬೊರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಟ್ಯಾಪ್ ತೆರೆದು ಗಮನವಿಟ್ಟು ನೋಡಿದರೆ ತಿಳಿಯುತ್ತದೆ. ಬೌಲ್ ಮತ್ತು ಮೇಲಿನ ಭಾಗ ಕೂಡುವಲ್ಲಿ ಒದ್ದೆಯಾದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ, ಇಲ್ಲವೇ ಸ್ಕ್ರೂ ಸಡಿಲಾಗಿದೆ. ಕೆಳಗಿನ ಡ್ರೈನ್ ಸ್ಕ್ರೂವಿನಿಂದ ಬಂದರೆ ಅದರ ವಾಷರ್ ಹೋಗಿದೆ. ಓವರ್‌ಫ್ಲೋ ಪೈಪಿನಿಂದ ಬಂದರೆ ಮಾತ್ರ ಪಿನ್ ಮತ್ತು ಫ್ಲೋಟನ್ನು ನೋಡಬೇಕು.

ಪಿನ್ ಕೂರದಿರಲು ಮುಖ್ಯವಾಗಿ ಮೂರು ಕಾರಣ. ಮೊದಲನೆಯದು ಕಸ. ಟ್ಯಾಂಕಿನ ತುಕ್ಕಿನ ಒಂದು ಕಣ ಸೀಟಿನಲ್ಲಿ ಸಿಕ್ಕಿಕೊಂಡರೂ ಸಾಕು. ಹೀಗಿದ್ದಾಗ ಡ್ರೈನ್ ಸ್ಕ್ರೂ ಬಿಚ್ಚಿ ಸ್ವಲ್ಪ ಪೆಟ್ರೋಲ್ ಹರಿಯಬಿಟ್ಟರೆ ಕೆಲವೊಮ್ಮೆ ಕಣ ತಾನಾಗಿಯೇ ಹೋಗುತ್ತದೆ. ಎರಡನೆಯದು ಸವೆತ. ಪಿನ್ನಿನ ಮೊನೆಯ ಸುತ್ತ ಉಂಗುರದಂತೆ ಗೆರೆ ಬಿದ್ದಿದ್ದರೆ ಅದನ್ನು ಉಜ್ಜಿ ಉಪಯೋಗವಿಲ್ಲ, ಹೊಸ ಪಿನ್ನೇ ಬೇಕು. ಸೀಟ್ ಬಿಚ್ಚಿ ಬರುವ ಹಾಗಿದ್ದರೆ ಅದನ್ನೂ ಜೊತೆಗೆ ಬದಲಿಸುವುದು ಒಳ್ಳೆಯದು. ಮೂರನೆಯದು ಫ್ಲೋಟ್. ಹಳೆಯ ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಬಂದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಹೋಗದೆ ಬೆಸುಗೆಯ ಬಿಸಿ ತಾಗಿಸಿದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ಆ ಕೆಲಸ ಅನುಭವಿಗಳಿಗೇ ಇರಲಿ.

ಇಲ್ಲಿ ಸ್ಕ್ರೂ ಬಿಗಿ ಮಾಡಿ, ಅಂಟು ಬಳಿದು ನಿಲ್ಲಿಸುವುದು ಮದ್ದಲ್ಲ. ಒಳಗೆ ಮಟ್ಟ ಮೀರಿದ ಪೆಟ್ರೋಲ್ ಹೊರಗೆ ದಾರಿ ಸಿಗದಿದ್ದರೆ ಎಂಜಿನ್ ಕಡೆಗೆ ಹೋಗುತ್ತದೆ. ಫೋರ್ ಸ್ಟ್ರೋಕ್ ಬೈಕಿನಲ್ಲಿ ಅದು ಆಯಿಲ್ ಜೊತೆ ಬೆರೆತು ಆಯಿಲನ್ನು ನೀರಾಗಿಸುತ್ತದೆ. ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸುವ ತನಕ ಎಂಜಿನ್ ಓಡಿಸಬಾರದು.

ಹೊಸ ಕಾರ್ಬೊರೇಟರ್ ಹಾಕಿಸಿದರೆ ತಲೆನೋವೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಾರ್ಬೊರೇಟರ್ ಮೈಯೇ ಸವೆದು ಸಡಿಲಾಗಿದ್ದರೆ ಆ ಮಾತು ಸರಿ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಹಾಗಾಗಿ ಇಂಥ ಹಳೆಯ ಬೈಕಿಗೆ ಅಂಗಡಿಯಲ್ಲಿ ಸಿಗುವುದು ಬಹಳ ಸಲ ಡುಪ್ಲಿಕೇಟ್. ಅದರ ಜೆಟ್ ಅಳತೆ ನಮ್ಮ ಎಂಜಿನ್‌ಗೆ ಸರಿಹೊಂದದಿದ್ದರೆ ಸೋರುವುದು ನಿಲ್ಲಬಹುದು, ಆದರೆ ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಎಷ್ಟೋ ವರ್ಷ ಸರಿಯಾಗಿ ನಡೆದ ಮೂಲ ಕಾರ್ಬೊರೇಟರ್ ಮಾತ್ರ ಗುಜರಿಗೆ ಹೋಗಿರುತ್ತದೆ. ನಾವು ವಿಮಾನ ಹತ್ತಿ ವಾಪಸ್ ಬರುತ್ತೇವೆ. ಅದರ ತೊಂದರೆ ಅನುಭವಿಸುವುದು ಬೈಕ್ ಓಡಿಸುವ ತಮ್ಮನೋ ಅಪ್ಪನೋ.

ಮೆಕ್ಯಾನಿಕ್ ಕಡೆಯಿಂದಲೂ ನೋಡೋಣ. ಬಿಚ್ಚಿ, ತೊಳೆದು, ಸಣ್ಣ ರಂಧ್ರಗಳಿಗೆ ಗಾಳಿ ಹೊಡೆದು, ಫ್ಲೋಟ್ ಎತ್ತರ ಅಳೆದು ಕೂಡಿಸಲು ಅರ್ಧ ದಿನವೇ ಬೇಕಾಗಬಹುದು. ಅಷ್ಟು ಮಾಡಿದ ಮೇಲೆ "ಒಂದು ಪಿನ್ ಹಾಕಿದ್ದಕ್ಕೆ ಇಷ್ಟಾ?" ಎಂದು ಚೌಕಾಸಿ ಮಾಡಿದರೆ, ಮುಂದಿನ ಸಲ ಅವರು ರಿಪೇರಿ ಮಾಡುವ ಬದಲು ಇಡೀ ಭಾಗವನ್ನೇ ಬದಲಿಸುತ್ತಾರೆ. ವಸ್ತುವಿಗೆ ಕೊಡುವ ಹಣವನ್ನು ಕೈಕೆಲಸಕ್ಕೂ ಕೊಡಲು ನಾವು ಸಿದ್ಧರಿರಬೇಕು. ಇಲ್ಲಿ ಕೈಕೆಲಸದಿಂದಲೇ ಬದುಕುತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೂ ನಿಂತ ಬೈಕ್ ಯಾಕೆ ಸೋರುತ್ತದೆ? ಔಷಧಿಗೆ ಇರುವಂತೆ ಪೆಟ್ರೋಲಿಗೂ ಆಯಸ್ಸಿದೆ. ತಿಂಗಳುಗಟ್ಟಲೆ ನಿಂತರೆ ಹಗುರ ಅಂಶ ಆರಿಹೋಗಿ, ಉಳಿದದ್ದು ಅಂಟಿನಂತಾಗಿ ಪಿನ್ನು ಜೆಟ್ಟುಗಳಿಗೆ ಹಿಡಿದುಕೊಳ್ಳುತ್ತದೆ. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲ್ ತೇವವನ್ನು ಹೀರುತ್ತದೆ. ಹಳೆಯ ಬೈಕಿನ ರಬ್ಬರ್ ಭಾಗಗಳು ಅದಕ್ಕೆಂದು ಮಾಡಿದವಲ್ಲ. ಕರಾವಳಿಯ ಮಳೆಗಾಲದ ಥಂಡಿಯೂ ಸೇರಿದರೆ ಕೇಳುವುದೇ ಬೇಡ.

ನಮ್ಮ ವೃತ್ತಿಗೆ ಸೇರಿದ ಎರಡು ಮಾತನ್ನು ಇಲ್ಲಿ ಹೇಳಲೇಬೇಕು. ಟ್ಯಾಂಕಿನಿಂದ ಪೈಪ್ ಹಾಕಿ ಬಾಯಿಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಹೆಚ್ಚು. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡನೆಯದಾಗಿ, ತೆಗೆದ ಪೆಟ್ರೋಲನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಗೆ ತುಂಬಿಸಿ ಇಡಬಾರದು. ಬಾಯಾರಿದ ಮಗು ಬಾಟಲಿಯ ಆಕಾರ ನೋಡುತ್ತದೆಯೇ ಹೊರತು ವಾಸನೆ ನೋಡುವುದಿಲ್ಲ.

ಬೆಂಕಿಯ ಭಯವೂ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ. ಸೋರುವ ಬೈಕನ್ನು ಬಚ್ಚಲ ಒಲೆಯ ಪಕ್ಕದಲ್ಲಾಗಲಿ, ದೀಪ ಹಚ್ಚುವ ಜಗಲಿಯಲ್ಲಾಗಲಿ ನಿಲ್ಲಿಸುವುದು ಬೇಡ. ರಿಪೇರಿಯನ್ನೂ ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಹಗಲು ಬೆಳಕಿನಲ್ಲಿ ಮಾಡುವುದು ಕ್ಷೇಮ.

ಮುಂದಿನ ಸಲ ಊರಿಗೆ ಹೋದಾಗ ಬೈಕಿನ ಕೆಲಸವನ್ನು ರಜೆಯ ಮೊದಲ ವಾರದಲ್ಲೇ ಮೆಕ್ಯಾನಿಕ್‌ಗೆ ವಹಿಸಿ, ಎರಡು ದಿನ ಸಮಯ ಕೊಡೋಣ. "ಮೊದಲು ಕಾರಣ ನೋಡಿ, ಬದಲಿಸಲೇಬೇಕಾದ್ದನ್ನು ಮಾತ್ರ ಬದಲಿಸಿ" ಎಂದು ಹೇಳೋಣ. ಹೊರಡುವ ಹಿಂದಿನ ದಿನ ಬಯಲಿನಲ್ಲಿ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ತಣ್ಣಗಾದ ಮೇಲೆ ಬೌಲ್‌ನಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂ ಬಿಚ್ಚಿ ತೆಗೆಯೋಣ. ಬೈಕ್ ಓಡಿಸುವವರು ಯಾರೂ ಇಲ್ಲದಿದ್ದರೆ ಟ್ಯಾಂಕನ್ನೂ ಖಾಲಿ ಮಾಡಿ, ಒಳಗೆ ತುಸು ಎಂಜಿನ್ ಆಯಿಲ್ ಸವರುವಂತೆ ಮಾಡಿದರೆ ತುಕ್ಕು ಕಡಿಮೆ. ಮನೆಯಲ್ಲಿ ಓಡಿಸುವವರಿದ್ದರೆ, ನಿಲ್ಲಿಸಿದಾಗಲೆಲ್ಲ ಟ್ಯಾಪ್ ಮುಚ್ಚಬೇಕೆಂದು ಅವರಿಗೆ ತೋರಿಸಿಕೊಟ್ಟು ಬರೋಣ. ಒಂದು ಗಂಟೆಯ ಕೆಲಸವಿದು. ಪಾಸ್‌ಪೋರ್ಟು, ಟಿಕೆಟ್ಟು, ಉಪ್ಪಿನಕಾಯಿ ಡಬ್ಬಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಂಡರೆ ಸಾಕು.