ನಾಣ್ಯದ ಮೇಲಿನ ದೇವರು

ನಾಣ್ಯ ಕೂಡಿಡುವ ಹವ್ಯಾಸಿಗಳಲ್ಲಿ ಗ್ರೀಕರ ನಾಣ್ಯಕ್ಕೆ ಸಲ್ಲುವ ಮರ್ಯಾದೆ ಬೇರೆ ನಾಡುಗಳ ನಾಣ್ಯಕ್ಕೆ ಸಲ್ಲುವುದು ಅಪೂರ್ವ. ಇದಕ್ಕೆ ಕಾರಣವಿಲ್ಲದಿಲ್ಲ. ಅಥೆನ್ಸ್ ನಗರದ ಹದಿನೇಳು ಗ್ರಾಂ ತೂಕದ ಬೆಳ್ಳಿಯ ಬಿಲ್ಲೆಯ ಒಂದು ಮುಖದಲ್ಲಿ ಶಿರಸ್ತ್ರಾಣ ಧರಿಸಿದ ಅಥೀನಾದೇವಿ, ಇನ್ನೊಂದರಲ್ಲಿ ಅವಳ ಗೂಬೆ. ಅಲೆಕ್ಸಾಂಡರನ ನಾಣ್ಯದಲ್ಲಿ ಸಿಂಹದ ತೊಗಲನ್ನು ತಲೆಗೆ ಹೊದ್ದ ಹೆರಾಕ್ಲಿಸ್. ಹಿಂಬದಿಯಲ್ಲಿ ಕೈಮೇಲೆ ಹದ್ದನ್ನು ಕೂರಿಸಿಕೊಂಡು ಪೀಠವನ್ನೇರಿದ ಜ್ಯೂಸ್. ಇವುಗಳ ಚಿತ್ರ ಕಂಡ ನಮ್ಮ ಕಾಲೇಜು ಹುಡುಗರು ಮರುಳಾದರೆ ನಾನು ಆಕ್ಷೇಪಿಸಲಾರೆ. ನನ್ನ ತಕರಾರು ಅವರು ಆ ಬಳಿಕ ಆಡುವ ಮಾತಿನ ಮೇಲೆ: "ನಮ್ಮ ಕಡೆ ಇಂಥದ್ದೇನಿದೆ?"

ಶಿಕಾರಿಪುರ, ಸೊರಬಗಳ ಹುಡುಗರ ಬಾಯಲ್ಲಿ ಈ ಮಾತನ್ನು ಕೇಳಿದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಆ ಎರಡು ತಾಲ್ಲೂಕುಗಳ ಸುತ್ತ ಒಂದು ದಿನದ ಪಯಣದೊಳಗೆ ನಾಣ್ಯವನ್ನೇರಿದ ದೇವರುಗಳ ಕಥೆ ಬೇಕಾದಷ್ಟಿದೆ.

ಆರಂಭದಲ್ಲಿ ದೇವರಿರಲಿಲ್ಲ, ನಿಜ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಶಾಸನ ಬಿಟ್ಟುಹೋದ ಚುಟುಕುಲದ ಅರಸರು ಬನವಾಸಿಯಿಂದ ಆಳುತ್ತಿದ್ದಾಗ ಹೊಡೆಸಿದ ಸೀಸದ ನಾಣ್ಯಗಳಲ್ಲಿ ಕಮಾನುಗಳ ಬೆಟ್ಟ, ಕಟಾಂಜನದೊಳಗಿನ ಮರ, ಇಂಥ ಚಿಹ್ನೆಗಳೇ ಇವೆ. ಮೂರ್ತಿಗಳು ಬಂದದ್ದು ಬಹಳ ತಡವಾಗಿ. ಸೊರಬಕ್ಕೆ ಹೊಂದಿದಂತಿರುವ ಹಾನಗಲ್ಲಿನ ಕದಂಬರು ವಾನರಧ್ವಜರು. ಅವರ ಹೊನ್ನಿನ ಮೇಲೆ ಹನುಮಂತ ಕುಳಿತ. ವಿಜಯನಗರದ ಎರಡನೆಯ ಹರಿಹರನ ಕಾಲಕ್ಕೆ ದೇವದಂಪತಿಗಳು ಬಂದರು: ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಸರಸ್ವತಿಯೊಡನೆ ಬ್ರಹ್ಮ. ಕೃಷ್ಣದೇವರಾಯ ಬಾಲಕೃಷ್ಣನನ್ನು ಕೂರಿಸಿದ. ಅವನ ತಮ್ಮ ಅಚ್ಯುತರಾಯನ ನಾಣ್ಯಕ್ಕೆ ಬಂದದ್ದು ಕೊಕ್ಕುಗಳಲ್ಲಿ, ಕಾಲುಗುರುಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಅಚ್ಯುತ ಪಟ್ಟವೇರಿದ್ದು 1529ರಲ್ಲಿ. ಅದಕ್ಕೆ ಐದು ಶತಮಾನಗಳಷ್ಟು ಹಿಂದೆ, 1047ರಲ್ಲಿ, ಬಳ್ಳಿಗಾವೆಯಲ್ಲಿ ಚಾವುಂಡರಾಯರಸ ನೆಡಿಸಿದ ಕಂಬದ ಮೇಲೆ ಭೇರುಂಡೇಶ್ವರ ಆಗಲೇ ನಿಂತಿದ್ದ. ಅಲ್ಲಿ ಅವನ ಮೈ ಮನುಷ್ಯನದು, ತಲೆ ಮಾತ್ರ ಎರಡು ಹಕ್ಕಿಯವು. ನಾಣ್ಯದಲ್ಲಿ ಮೈಯೂ ಹಕ್ಕಿಯದೇ. ಒಂದು ಕಲ್ಪನೆ ಕಲ್ಲಿನಿಂದ ಹೊನ್ನಿಗೆ ಬರುವ ದಾರಿಯಲ್ಲಿ ಹೇಗೆ ರೂಪ ಬದಲಿಸಿತೆಂಬುದು ಗ್ರೀಕರ ಯಾವ ಪುರಾಣಪ್ರಾಣಿಯ ಚರಿತ್ರೆಗೂ ಕಡಿಮೆಯಾದದ್ದಲ್ಲ.

ಆದರೆ ಈ ಸೀಮೆಯ ಸ್ವಂತ ನಾಣ್ಯವೆಂದರೆ ಕೆಳದಿಯ ವರಹವೇ. ತೂಕ ಮೂರೂವರೆ ಗ್ರಾಮಿನೊಳಗೆ, ಅಗಲ ಕಿರುಬೆರಳಿನ ಉಗುರಿಗಿಂತ ತುಸು ಹೆಚ್ಚು. ಅಷ್ಟು ಸ್ಥಳದಲ್ಲಿ ಶಿವನೂ ಪಾರ್ವತಿಯೂ ಒತ್ತಿಕೊಂಡು ಕುಳಿತಿದ್ದಾರೆ. ಹಿಂದೆ ನಾಗರಿಯಲ್ಲಿ 'ಶ್ರೀ ಸದಾಶಿವ' ಎಂಬ ಬರಹ. ಸದಾಶಿವನೆಂಬುದು ನಾಯಕನ ಹೆಸರೂ ಹೌದು, ದೇವರ ಹೆಸರೂ ಹೌದು. ಸದಾಶಿವ ನಾಯಕ ತೀರಿದ ಮೇಲೂ ಅವನ ವಂಶದವರು ಅದೇ ಬರಹವನ್ನು ಉಳಿಸಿಕೊಂಡು ಬಂದರು. ಅಲೆಕ್ಸಾಂಡರ್ ದೇವರ ಪಕ್ಕದಲ್ಲಿ ತನ್ನ ಹೆಸರನ್ನು ಕೆತ್ತಿಸಿದ. ಕೆಳದಿಯವರು ತಮ್ಮ ಹೆಸರನ್ನು ದೇವರ ಹೆಸರಿನಲ್ಲಿ ಕರಗಿಸಿಬಿಟ್ಟರು. ಎರಡನ್ನೂ ಹೋಲಿಸಿ ನೋಡುವ ವಿದ್ಯಾರ್ಥಿಗೆ ರಾಜತ್ವವನ್ನು ಕುರಿತು ಒಂದು ಪಾಠ ಪುಕ್ಕಟೆಯಾಗಿ ಸಿಗುತ್ತದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅವನ ವರಹದ ಮೇಲೆ ಶಿವಪಾರ್ವತಿಯರು ಹಾಗೆಯೇ ಕುಳಿತರು; ಹಿಂದೆ 'ಶ್ರೀ ಸದಾಶಿವ' ಹೋಗಿ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರ ಬಂತು. ಇದನ್ನು ಧರ್ಮಸಹಿಷ್ಣುತೆಯ ಗುರುತೆಂದು ಕೊಂಡಾಡುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಮೆಣಸು, ಅಡಕೆ, ಅಕ್ಕಿಯ ವ್ಯಾಪಾರ ನಡೆಯಬೇಕಾದರೆ ಪೇಟೆ ನಂಬಿದ ಮುಖವೇ ನಾಣ್ಯದ ಮೇಲಿರಬೇಕು. ಅದು ಹೈದರನಿಗೆ ಗೊತ್ತಿತ್ತು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜರೂ ಅದೇ ದಂಪತಿಗಳನ್ನು ಉಳಿಸಿಕೊಂಡು ಹಿಂದೆ 'ಶ್ರೀ ಕೃಷ್ಣರಾಜ' ಎಂದು ಬರೆಸಿದರು. ಆಳುವವರು ಬದಲಾದರು, ಕುಳಿತ ದೇವರು ಏಳಲಿಲ್ಲ.

ಗ್ರೀಕ್ ದೇವತೆಯೇ ಬೇಕೆನ್ನುವವರಿಗೂ ನಿರಾಶೆಯಾಗಬೇಕಾಗಿಲ್ಲ. ಸೊರಬದಿಂದ ಆನವಟ್ಟಿಯ ಮೇಲೆ ಹಾಯ್ದರೆ ಹಾನಗಲ್ಲು ತಾಲ್ಲೂಕು. ಅಲ್ಲಿಯ ಅಕ್ಕಿಆಲೂರಿನಲ್ಲಿ ರೋಮಿನ ಮತ್ತು ಬೈಜಾಂಟಿಯಮ್ಮಿನ ಚಿನ್ನದ ನಾಣ್ಯಗಳ ನಿಧಿಯೊಂದು ದೊರಕಿತು. ಐದನೆಯ ಶತಮಾನದ ಆ ಚಕ್ರವರ್ತಿಗಳ ನಾಣ್ಯಗಳ ಹಿಂಬದಿಯಲ್ಲಿ ಮೇಲಿಂದ ಮೇಲೆ ಕಾಣುವ ರೆಕ್ಕೆಯ ಹೆಣ್ಣು ಗ್ರೀಕರ ವಿಜಯದೇವತೆಯಾದ ನೈಕಿಯ ಮಗಳೆಂದೇ ಹೇಳಬೇಕು. ಕ್ರೈಸ್ತಳಾಗಿ ಕೈಯಲ್ಲಿ ಶಿಲುಬೆ ಹಿಡಿದಿದ್ದಾಳೆ, ಅಷ್ಟೇ. ಆರನೆಯ ಶತಮಾನದಲ್ಲಿ ಮೊದಲನೆಯ ಜಸ್ಟಿನನ ಕಾಲಕ್ಕೆ ಅವಳ ಜಾಗಕ್ಕೆ ದೇವದೂತ ಬಂದ. ದಕ್ಷಿಣದಲ್ಲಿ ಸಿಗುವ ಇಂಥ ಎಷ್ಟೋ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತುಗಳಿರುತ್ತವೆ: ದಾರಕ್ಕೆ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲೆಂದು. ನಮ್ಮವರು ಆ ದೂರದೇಶದ ದೊರೆಯನ್ನು ಕೊರಳಲ್ಲಿ ಧರಿಸಿದ್ದರು.

ನನ್ನ ವಾದ ಇರುವುದು ಈ ತೂತಿನಲ್ಲಿಯೇ. ಸಂಗ್ರಾಹಕರ ಪೇಟೆಯಲ್ಲಿ ತೂತಿನ ನಾಣ್ಯಕ್ಕೆ ಬೆಲೆ ಕಡಿಮೆ. ಉಂಗುರ ಬೆಸೆದ ವರಹಕ್ಕೂ ಹಾಗೆಯೇ. ಕೊಳ್ಳುವವನಿಗೆ ಬೇಕಾದದ್ದು ಅಚ್ಚಿನಿಂದ ಆಗತಾನೆ ಬಿದ್ದಂಥ ಹೊಳಪು. ನನಗಾದರೋ ತೂತಿಲ್ಲದ ನಾಣ್ಯ ಬಾಯಿಲ್ಲದ ಸಾಕ್ಷಿ. ತೂತಿರುವುದು ತಾನು ಹಣವಾಗಿದ್ದೆ, ಆಭರಣವಾದೆ, ದೇವರಾದೆ ಎಂದು ಹೇಳುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡು ಸವೆದ ವರಹವನ್ನು ಹುಣಿಸೆಹಣ್ಣಿನಿಂದ ಉಜ್ಜಿ ಮಾರುವವರನ್ನು ಕಂಡರೆ ನನಗೆ ಹಳೆಯ ಓಲೆಗರಿಯನ್ನು ತೊಳೆದು ಬಿಳುಪು ಮಾಡಿದಂತೆ ಅನ್ನಿಸುತ್ತದೆ.

ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಮಲೆನಾಡಿನಲ್ಲಿ ನಿಧಿಯ ಆಸೆ ಹಾಳುಗುಡಿಗಳನ್ನು ಸುಮ್ಮನೆ ಬಿಟ್ಟಿಲ್ಲ. ಲಿಂಗದ ಬುಡ ಅಗೆದವರು, ವೀರಗಲ್ಲನ್ನು ಕೆಡವಿದವರು ಕೈಗೆ ಹೊನ್ನು ಸಿಕ್ಕರೆ ಮೊದಲು ಹುಡುಕುವುದು ಅಕ್ಕಸಾಲಿಗನ ಮೂಸೆಯನ್ನು, ಇಲ್ಲವೇ ಊರ ಹೆಸರು ಕೇಳದ ಗಿರಾಕಿಯನ್ನು. ಸಿಕ್ಕಿದ ನಿಧಿಯ ಬೆಲೆ ಹತ್ತು ರೂಪಾಯಿಗೆ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯಿದೆ ಮಾಡಿದ್ದರು. ಕಾಯಿದೆಗೆ ಕಣ್ಣಿದೆ, ಹೊಲದ ಬದುವಿನವರೆಗೆ ಅದು ಕಾಣುವುದಿಲ್ಲ. ಎಲ್ಲಿ, ಯಾವ ಮಡಕೆಯಲ್ಲಿ, ಯಾವ ನಾಣ್ಯದ ಜೊತೆಗೆ ಸಿಕ್ಕಿತೆಂಬುದು ಕಳೆದುಹೋದರೆ ಉಳಿಯುವುದು ಮೂರೂವರೆ ಗ್ರಾಂ ಲೋಹ. ಆದ್ದರಿಂದ ಎಲ್ಲಿಯದೆಂದು ಕೇಳದೆ ಕೊಳ್ಳುವ ಸಂಗ್ರಾಹಕ, ಎಷ್ಟೇ ವಿದ್ಯಾವಂತನಾಗಿರಲಿ, ಅಗೆಯುವವನ ಪಾಲುದಾರನೆಂದೇ ನಾನು ತಿಳಿದಿದ್ದೇನೆ.

ಮೋಸದ ಮಾತನ್ನೂ ಇಲ್ಲಿಯೇ ಹೇಳಿಬಿಡುವೆ. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಿಗಳು ಪೂಜೆಗೆಂದು ಮಾಡಿದ ಬಿಲ್ಲೆಗಳೇ ಹೊರತು ಪೇಟೆಯಲ್ಲಿ ನಡೆದ ಹಣವಲ್ಲ. ಅವನ್ನು ರಾಮನ ಕಾಲದವೆಂದು ಮಾರುವವರೂ ಇದ್ದಾರೆ, ಅಕ್ಕಿಯನ್ನು ಸೆಳೆಯುತ್ತವೆಂದು ನಂಬಿಸಿ ಲಕ್ಷಗಟ್ಟಲೆ ಕೀಳುವವರೂ ಇದ್ದಾರೆ. ಪೊಲೀಸರ ಕಡತಗಳಲ್ಲಿ ಇಂಥ ಪ್ರಕರಣಗಳು ಇಂದಿಗೂ ಬರುತ್ತಲೇ ಇವೆ. ಮೋಸಹೋದವರಲ್ಲಿ ಪದವೀಧರರೂ ಉಂಟು.

ನಮ್ಮ ಕಡೆಯ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ತರಗತಿಯಲ್ಲಿ ಒಮ್ಮೆ, ಯಾರ ಮನೆಯ ದೇವರ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯವಿದೆ ಎಂದು ಕೇಳಿ ನೋಡಿ. ತರಿಸಬೇಡಿ, ಕೊಳ್ಳಬೇಡಿ, ಅದು ಆ ಮನೆಯಲ್ಲಿಯೇ ಇರಲಿ. ಅದರ ಎರಡು ಮುಖಗಳ ಚಿತ್ರವನ್ನು ಹುಡುಗನೇ ಬರೆದುಕೊಂಡು ಬರಲಿ. ತೂಕ, ಅಗಲ, ತೂತು, ಯಾರ ಕಾಲದಿಂದ ಮನೆಯಲ್ಲಿದೆ ಎಂದು ಅಜ್ಜಿ ಹೇಳಿದ ಮಾತು, ಇಷ್ಟನ್ನು ಒಂದು ಪುಟದಲ್ಲಿ ಗುರುತು ಹಾಕಲಿ. ನಾಣ್ಯ ನೆಲದಲ್ಲಿ ಸಿಕ್ಕಿದ್ದಾದರೆ ಆ ಹೊಲದ ಹೆಸರನ್ನು ತಪ್ಪದೆ ಬರೆಯಲಿ. ಸರ್ವೆ ನಂಬರು ಸಾಲದು. ಊರವರು ಕರೆಯುವ ಹೆಸರೇ ಬೇಕು, ಎಷ್ಟೋ ಕಡೆ ಹಾಳಾದ ಗುಡಿಯ ನೆನಪು ಉಳಿದಿರುವುದು ಆ ಹೆಸರಿನಲ್ಲಿ ಮಾತ್ರ.