ರುಜುವಿನ ಕೀಲಿಕೈ ಯಾರ ಬಳಿ?

ಮುಂಗಾರು ಹಿಡಿದ ಮೊದಲ ವಾರದಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ನೆನೆದ ಛತ್ರಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದರು. ಮೂರು ಎಕರೆ ಅಡಿಕೆ, ನಡುವೆ ಒಂದಷ್ಟು ರೊಬಸ್ಟಾ ಇರುವವರು. ನೆರೆಯ ರೈತ ಉತ್ಪಾದಕ ಕಂಪನಿಗೆ ಅವರನ್ನು ನಿರ್ದೇಶಕರನ್ನಾಗಿ ಆರಿಸಿದ್ದಾರೆ. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ, ಪೆನ್‌ಡ್ರೈವ್‌ನಂತಹ ಸಣ್ಣ ವಸ್ತುವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಕಾರ್ಯದರ್ಶಿಗಳೇ, ಇದು ನನ್ನ ಡಿಜಿಟಲ್ ರುಜುವಂತೆ. ಪಿನ್ ನಂಬರು ಚೀಟಿಯಲ್ಲಿದೆ. ನಿಮ್ಮ ಹತ್ತಿರವೇ ಇರಲಿ, ಬೇಕಾದಾಗ ಹಾಕಿಕೊಳ್ಳಿ" ಎಂದರು.

"ಐವತ್ತು ಖಾಲಿ ಹಾಳೆಗೆ ರುಜು ಮಾಡಿ ನನ್ನ ಕೈಗೆ ಕೊಡುತ್ತೀರಾ?" ಎಂದು ಕೇಳಿದೆ.

"ಅಷ್ಟು ದಡ್ಡನೇ ನಾನು!" ಎಂದು ನಕ್ಕರು. ಆಮೇಲೆ ಮೇಜಿನ ಮೇಲಿನ ಪೊಟ್ಟಣವನ್ನು ನೋಡಿ ನಗುವುದನ್ನು ನಿಲ್ಲಿಸಿದರು.

ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಮ್ಮ ಸಂಘದ ಟೋಕನ್, ಅಂದರೆ ನನ್ನ ಹೆಸರಿನಲ್ಲಿರುವ ರುಜು, ಎರಡು ವರ್ಷ ಪಟ್ಟಣದ ಲೆಕ್ಕಪತ್ರದ ಕಚೇರಿಯೊಂದರ ಡ್ರಾಯರಿನಲ್ಲಿ ಬಿದ್ದಿತ್ತು. ಪಿನ್ ನಂಬರನ್ನು ಅದರ ಬೆನ್ನಿಗೇ ಅಂಟಿಸಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗರು ಬದಲಾಗುತ್ತಲೇ ಇದ್ದರು. ಅನಾಹುತವೇನೂ ಆಗಲಿಲ್ಲ, ನಿಜ. ಆದರೆ ಆಗಲಿಲ್ಲ ಎಂಬುದು ನನ್ನ ಜಾಣತನದಿಂದಲ್ಲ. ಆ ದಿನ ಸದಸ್ಯರನ್ನು ಕಳಿಸಿಕೊಟ್ಟ ಮೇಲೆ ನಾನೇ ಹೋಗಿ ನನ್ನದನ್ನು ವಾಪಸು ತಂದೆ. ಅಂದಿನಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದಿಡಬೇಕೆಂದು ಮನಸ್ಸಿನಲ್ಲಿತ್ತು.

ಮೊದಲು ಇಮೇಲ್‌ನ ಮಾತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಕಾಗದ ಕಳಿಸುವ ಕ್ರಮವನ್ನು ಕಂಡುಹಿಡಿದರು. ಹೆಸರಿಗೂ ಊರಿಗೂ ನಡುವೆ ಬರೆಯುವ '@' ಗುರುತನ್ನು ಆರಿಸಿದವರೂ ಅವರೇ. ಕಾಗದ ಸಾಗಿಸುವ ನಿಯಮಗಳು 1982ರಲ್ಲಿ ಬರಹಕ್ಕೆ ಬಂದವು. ಆಗ ಜಾಲದಲ್ಲಿದ್ದವರು ಬೆರಳೆಣಿಕೆಯ ಸಂಸ್ಥೆಗಳವರು, ಒಬ್ಬರ ಮೇಲೊಬ್ಬರಿಗೆ ನಂಬಿಕೆ. ಆದ್ದರಿಂದ ಕಳಿಸಿದವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಕೇಳುವ ಏರ್ಪಾಡೇ ಅದರಲ್ಲಿರಲಿಲ್ಲ. ಹಳೆಯ ಇನ್‌ಲ್ಯಾಂಡ್ ಲೆಟರಿನ ಹಿಂದೆ 'ಇಂದ' ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಿತ್ತಲ್ಲ, ಹಾಗೆಯೇ. ಕಳಿಸಿದ ಸಂಸ್ಥೆಯ ಕಂಪ್ಯೂಟರೇ ಕಾಗದಕ್ಕೆ ಮೊಹರು ಹಾಕುವ ಕ್ರಮ ಬಹಳ ತಡವಾಗಿ ಸೇರಿತು. ಅದು ಸಹ ಸಂಸ್ಥೆಯ ಗುರುತೇ ಹೊರತು ಬರೆದ ಮನುಷ್ಯನದ್ದಲ್ಲ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ನಂಬರಿಗೆ ಹಣ ಹಾಕಿ" ಎಂದು ಇಮೇಲ್ ಬಂದರೆ, ಹಣ ಹಾಕುವ ಮುನ್ನ ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನು ಮಾಡಿ ಕೇಳಬೇಕು. ಆ ಇಮೇಲಿನಲ್ಲೇ ಕೊಟ್ಟ ನಂಬರಿಗಲ್ಲ.

ರುಜುವಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬಿಬ್ಬರು ಒಂದು ವಿಚಿತ್ರ ಯೋಚನೆಯನ್ನು ಪ್ರಕಟಿಸಿದರು. ಒಂದೇ ಬೀಗಕ್ಕೆ ಎರಡು ಕೀಲಿಕೈ. ಒಂದು ನಿಮ್ಮ ಬಳಿ ಗುಟ್ಟಾಗಿರುವುದು, ಇನ್ನೊಂದು ಊರಿಗೆಲ್ಲ ಹಂಚುವುದು. ಗುಟ್ಟಿನದರಿಂದ ಹಾಕಿದ ಮುದ್ರೆಯನ್ನು ಹಂಚಿದ ಕೀಲಿಕೈಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅದರಿಂದ ಮುದ್ರೆ ಹಾಕಲಾಗದು. ಇದನ್ನು ಲೆಕ್ಕದಲ್ಲಿ ಮಾಡಿ ತೋರಿಸಿದವರು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು. ಅವರು ಆಶ್ರಯಿಸಿದ್ದು ಶಾಲೆಯಲ್ಲಿ ಕಲಿತ ಅವಿಭಾಜ್ಯ ಸಂಖ್ಯೆಗಳನ್ನೇ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಕೊಟ್ಟು ಆ ಎರಡನ್ನು ಹುಡುಕಿ ಎಂದರೆ ಮಹಾ ಕಷ್ಟ. ಆ ವರ್ಷವೇ 129 ಅಂಕೆಗಳ ಸಂಖ್ಯೆಯೊಂದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಒಡೆದವರಿಗೆ 100 ಡಾಲರ್ ಬಹುಮಾನ ಎಂದರು. ಅದು ಒಡೆದದ್ದು 1994ರಲ್ಲಿ, ಸುಮಾರು 600 ಮಂದಿ ತಮ್ಮ ಕಂಪ್ಯೂಟರುಗಳನ್ನು ಒಟ್ಟುಗೂಡಿಸಿದಾಗ. ಇಂದು ರುಜುವಿಗೆ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕೆಗಳಿವೆ.

ಬ್ರಿಟನ್ ಸರ್ಕಾರದ ಗೂಢಲಿಪಿ ವಿಭಾಗದಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬುವರು ಇದೇ ಲೆಕ್ಕವನ್ನು 1973ರಲ್ಲೇ ಮಾಡಿದ್ದರು. ಗುಟ್ಟಿನ ಕೆಲಸವಾದ್ದರಿಂದ ಲೋಕಕ್ಕೆ ತಿಳಿದದ್ದು 1997ರಲ್ಲಿ. ಪಾಪ, ಹೆಸರು ಬೇರೆಯವರಿಗೆ ಹೋಯಿತು. ಅಮೆರಿಕದ ಮೂವರ ವಿಧಾನಕ್ಕೆ ಅಲ್ಲಿ 1983ರಲ್ಲಿ ಪೇಟೆಂಟ್ ದೊರೆಯಿತು, ಅದರ ಅವಧಿ ಮುಗಿದದ್ದು 2000ದ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಅಕ್ಟೋಬರ್ 17ರಂದು ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದು, ಡಿಜಿಟಲ್ ರುಜುವಿಗೆ ಶಾಯಿಯ ರುಜುವಿನ ಮಾನ್ಯತೆ ಸಿಕ್ಕಿತು. ಉಯಿಲಿನಂತಹ ಕೆಲವಕ್ಕೆ ಮಾತ್ರ ಇಂದಿಗೂ ಆ ಕಾಯಿದೆ ಅನ್ವಯಿಸದು. ಅವುಗಳಿಗೆ ಕಾಗದವೇ ಬೇಕು.

ಈ ರುಜು ಎಷ್ಟು ಗಟ್ಟಿ ಎಂಬುದನ್ನು ಚೀಲದ ಲೆಕ್ಕದಲ್ಲಿ ಹೇಳುತ್ತೇನೆ. ಚಾಲಿ ತುಂಬಿ, ಬಾಯಿ ಹೊಲಿದು, ಸೀಲು ಒತ್ತಿದ ಚೀಲದಿಂದ ಯಾರಾದರೂ ಹೊಲಿಗೆ ಬಿಚ್ಚದೆ ಹತ್ತು ಅಡಿಕೆ ಎಳೆದರೆ ನಮಗೆ ತಿಳಿಯದೆ ಹೋದೀತು. ಡಿಜಿಟಲ್ ರುಜು ಹಾಗಲ್ಲ. ದಾಖಲೆಯ ಅಕ್ಷರ ಅಕ್ಷರವನ್ನೂ ಅರೆದು ಒಂದು ಸಣ್ಣ ಸಾರ ತೆಗೆದು, ಆ ಸಾರದ ಮೇಲೆ ಮುದ್ರೆ ಬೀಳುತ್ತದೆ. 1 ಲಕ್ಷವೆಂದಿದ್ದುದನ್ನು 11 ಲಕ್ಷವೆಂದು ತಿದ್ದಿದರೆ ಸಾರವೇ ಬೇರೆಯಾಗುತ್ತದೆ, ಪರೀಕ್ಷಿಸಿದ ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಅನೇಕರು ರುಜುವನ್ನು ಫೋಟೋ ಹೊಡೆದು ಕಾಗದಕ್ಕೆ ಅಂಟಿಸಿ ಅದನ್ನೇ ಡಿಜಿಟಲ್ ರುಜು ಎಂದುಕೊಂಡಿದ್ದಾರೆ. ಅದು ಬರೀ ಚಿತ್ರ, ಯಾರು ಬೇಕಾದರೂ ಕತ್ತರಿಸಿ ಇನ್ನೊಂದು ಕಡೆ ಅಂಟಿಸಿಯಾರು. ನಿಜವಾದ ರುಜುವುಳ್ಳ ಪಿಡಿಎಫ್ ತೆರೆದಾಗ ಕೆಲವೊಮ್ಮೆ ಹಳದಿ ಪ್ರಶ್ನೆ ಚಿಹ್ನೆ ಕಾಣುವುದುಂಟು. ಅದನ್ನು ಕಂಡು ದಾಖಲೆ ಖೋಟಾ ಎಂದು ಗಾಬರಿಯಾಗಬೇಕಿಲ್ಲ. ಪ್ರಮಾಣಪತ್ರ ಕೊಟ್ಟ ಭಾರತದ ಪ್ರಾಧಿಕಾರದ ಪರಿಚಯ ನಿಮ್ಮ ಕಂಪ್ಯೂಟರಿಗೆ ಇನ್ನೂ ಆಗಿಲ್ಲ ಎಂಬುದಷ್ಟೇ ಹೆಚ್ಚಾಗಿ ಅದರ ಅರ್ಥ. ನಮ್ಮ ಕಚೇರಿಗೆ ತಂದರೆ ಪರೀಕ್ಷಿಸಿ ಹೇಳುತ್ತೇವೆ. ಫೈಲನ್ನೇ ತನ್ನಿ, ಏಕೆಂದರೆ ಮುದ್ರಿಸಿದ ಹಾಳೆಯಲ್ಲಿ ಆ ಪರೀಕ್ಷೆ ನಡೆಯದು.

ಲೆಕ್ಕ ಗಟ್ಟಿಯಾಗಿದೆ. ಸಡಿಲವಿರುವುದು ನಮ್ಮ ಕಡೆಯಲ್ಲಿ. ಆ 617 ಅಂಕೆಗಳನ್ನು ಒಡೆಯುವ ಕಷ್ಟ ಯಾರಿಗೆ ಬೇಕು, ಪಿನ್ ಚೀಟಿ ಟೋಕನ್ನಿನ ಬೆನ್ನಿಗೇ ಇರುವಾಗ? ಶಾಯಿಯ ರುಜುವನ್ನು ಬೇರೆಯವರು ಹಾಕಿದರೆ ಅಕ್ಷರದ ಓರೆಕೋರೆ ನೋಡಿ "ಇದು ನನ್ನದಲ್ಲ" ಎನ್ನಬಹುದು. ಟೋಕನ್ನಿನ ರುಜುವಿಗೆ ಓರೆಕೋರೆಯಿಲ್ಲ, ಯಾರು ಒತ್ತಿದರೂ ಅದು ನಿಮ್ಮದೇ. ಕಾಯಿದೆಯ 42ನೇ ಕಲಮು ಗುಟ್ಟಿನ ಕೀಲಿಕೈಯನ್ನು ಕಾಪಾಡಿಕೊಳ್ಳುವ ಹೊಣೆಯನ್ನು ರುಜುವಿನ ಒಡೆಯನ ಮೇಲೆಯೇ ಹೊರಿಸಿದೆ. ಕೈತಪ್ಪಿದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು, ತಿಳಿಸುವವರೆಗಿನ ಬಾಧ್ಯತೆ ಅವನದೇ. ದುರುಪಯೋಗ ಮಾಡಿದವನಿಗೆ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸಜೆಯುಂಟು. ಆದರೆ ಅದು ಆಮೇಲಿನ ಮಾತು, ಅಷ್ಟರಲ್ಲಿ ತೋಟದ ಮೇಲೆ ಸಾಲ ಬಿದ್ದಿರುತ್ತದೆ.

ಟೋಕನ್ ಇಲ್ಲದ ಬಹುಪಾಲು ಸದಸ್ಯರು ನಮಗಿದು ಸಂಬಂಧವಿಲ್ಲ ಎಂದುಕೊಳ್ಳಬಾರದು. 2015ರಿಂದ ಆಧಾರ್ ಮೂಲಕ ರುಜು ಮಾಡುವ ಕ್ರಮ ಬಂದಿದೆ. ಅದರಲ್ಲಿ ಮೊಬೈಲಿಗೆ ಬರುವ ಒಟಿಪಿಯೇ ನಿಮ್ಮ ಒಪ್ಪಿಗೆ. ಆ ನಂಬರನ್ನು ಎದುರು ಕುಳಿತವನಿಗೆ ಓದಿ ಹೇಳಿದಿರೋ, ನೀವು ರುಜು ಮಾಡಿದಂತೆಯೇ. ಯಾವ ಕಾಗದಕ್ಕೆ ಎಂಬುದು ಎದುರಿನವನಿಗೆ ಮಾತ್ರ ಗೊತ್ತು.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿಯೇ. ನಮ್ಮ ಅಜ್ಜಂದಿರ ಕಾಲದ ಪತ್ರಗಳನ್ನು ತೆಗೆದು ನೋಡಿ. ಕೊನೆಯಲ್ಲಿ ಬರೆದವನ ಬಿಕ್ಕಲಂ, ಇಬ್ಬರು ಸಾಕ್ಷಿಗಳು, ಓದಿಸಿ ಕೇಳಿ ಒಪ್ಪಿ ಹಾಕಿದ್ದೆಂಬ ಮಾತು, ಅದರ ಕೆಳಗೆ ಎಡಗೈ ಹೆಬ್ಬೆಟ್ಟು. ಅಕ್ಷರ ಬಾರದವನಿಗೂ ತಾನು ಯಾವುದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆಂದು ತಿಳಿಯುವ ಹಕ್ಕಿತ್ತು. ಎಷ್ಟೋ ಕಡೆ ಆ ಮಾತು ಬರೀ ಬರಹವಾಗಿತ್ತು, ಮೋಸವೂ ನಡೆಯುತ್ತಿತ್ತು, ಒಪ್ಪುತ್ತೇನೆ. ಆದರೂ ಕ್ರಮವೆಂಬುದೊಂದಿತ್ತು. ಇಂದು ಪದವೀಧರನಾದ ನಾನೇ ಹದಿನೆಂಟು ಪುಟದ ಇಂಗ್ಲಿಷ್ ಕರಾರನ್ನು ಮೊಬೈಲಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳಿ, 'ಒಪ್ಪಿದ್ದೇನೆ' ಎಂಬಲ್ಲಿ ಒತ್ತಿ ಒಟಿಪಿ ಕೊಟ್ಟಿದ್ದೇನೆ. ದಾಖಲೆ ಬದಲಾಗಿಲ್ಲ ಎಂದು ಡಿಜಿಟಲ್ ರುಜು ಸಾಧಿಸೀತು. ರುಜು ಮಾಡಿದವನಿಗೆ ಅದು ಅರ್ಥವಾಗಿತ್ತು ಎಂದು ಯಾವ ಅವಿಭಾಜ್ಯ ಸಂಖ್ಯೆಯೂ ಸಾಧಿಸದು.

ಹಾಗೆಂದು ಬೇಡವೆನ್ನುವವನು ನಾನಲ್ಲ. ಆರಿದ್ರೆ ಮಳೆಯಲ್ಲಿ ಒಂದು ರುಜುವಿಗೆಂದು ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ, ಅಧಿಕಾರಿ ಇಲ್ಲವೆಂದು ಮರಳಿ ಬಂದು, ಆ ದಿನದ ಔಷಧಿ ಸಿಂಪರಣೆ ತಪ್ಪಿ ಕೊಳೆ ಹತ್ತಿಸಿಕೊಂಡವರು ನಮ್ಮಲ್ಲಿದ್ದಾರೆ. ಮನೆಯಲ್ಲೇ ಕುಳಿತು ಆಗುವ ಕೆಲಸ ಮನೆಯಲ್ಲೇ ಆಗಲಿ.

ಬರುವ ಸಾಮಾನ್ಯ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸಲು ನಿರ್ದೇಶಕ ಮಂಡಳಿಯ ಅನುಮತಿ ಕೇಳಿದ್ದೇನೆ. ಸಂಘದ ಸಿಬ್ಬಂದಿ, ನಾನೂ ಸೇರಿ, ಯಾವ ಸದಸ್ಯರ ಟೋಕನ್, ಪಿನ್, ಒಟಿಪಿಯನ್ನೂ ಕೇಳಕೂಡದು, ಕೊಟ್ಟರೂ ತೆಗೆದುಕೊಳ್ಳಕೂಡದು ಎಂಬುದು ಒಂದು. ಸಂಘದ ಸಾಲಪತ್ರಗಳಿಗೆ ಮೊಬೈಲಿನಲ್ಲಿ ರುಜು ಪಡೆಯುವುದಾದರೆ, ಮೊತ್ತ, ಬಡ್ಡಿ, ವಾಯಿದೆ, ಆಧಾರವಿಟ್ಟ ಸರ್ವೆ ನಂಬರು ಇಷ್ಟನ್ನೂ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು, ಸದಸ್ಯರಿಗೆ ಓದಿ ಹೇಳಿದ ಮೇಲೆಯೇ ಒಟಿಪಿ ಕಳಿಸತಕ್ಕದ್ದು ಎಂಬುದು ಇನ್ನೊಂದು. ಎರಡನೆಯದರಿಂದ ಕಚೇರಿ ಕೆಲಸ ನಿಧಾನವಾಗುತ್ತದೆಂದು ಮಂಡಳಿಯಲ್ಲಿ ಈಗಾಗಲೇ ಗೊಣಗಾಟವಿದೆ. ನಿಧಾನವಾಗುತ್ತದೆ, ಸುಳ್ಳಲ್ಲ. ಒಬ್ಬರಿಗೆ ಹತ್ತು ನಿಮಿಷವಾದರೂ ಬೇಕು. ಸದಸ್ಯರು ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.